ಸೋತ ವರ್ಷಗಳಿಂದ ಶುರು ಮಾಡಿದೆ: ಲಾ ಫಾಲೆಟ್ ಬಗ್ಗೆ ಬರೆದ ಅನುಭವ

ರಾಜ್ಯಶಾಸ್ತ್ರ ಓದುವ ನನ್ನ ವಿದ್ಯಾರ್ಥಿಗಳಿಗಾಗಿ ರಾಬರ್ಟ್ ಲಾ ಫಾಲೆಟ್ ಅವರ ಮೇಲೆ ಕನ್ನಡದಲ್ಲಿ ಒಂದು ದೊಡ್ಡ ಲೇಖನ ಬರೆದೆ. ಅವರು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವಕೀಲರು, ಗವರ್ನರ್, ಸೆನೆಟರ್. ಇಂಥ ಬರವಣಿಗೆಗೆ ಕೈ ಹಾಕುವವರಿಗೆ ನೆರವಾಗಲಿ ಅಂತ ಬರೆದ ಬಗೆಯನ್ನು ಇಲ್ಲಿ ಹೇಳುತ್ತೇನೆ.

ಮೊದಲು ಹುದ್ದೆಗಳನ್ನು ಪಟ್ಟಿ ಮಾಡಿಕೊಂಡೆ. 1880ರಲ್ಲಿ ವಕೀಲಿಕೆ ಶುರು, ಅದೇ ವರ್ಷ ಡೇನ್ ಕೌಂಟಿಯ ಸರ್ಕಾರಿ ವಕೀಲರಾಗಿ ಆಯ್ಕೆ. 1885ರಿಂದ 1891ರವರೆಗೆ ಕಾಂಗ್ರೆಸ್ಸಿನ ಕೆಳಮನೆ. 1901ರಿಂದ ಗವರ್ನರ್, 1906ರಿಂದ ಸಾಯುವವರೆಗೆ ಸೆನೆಟ್. ಇದನ್ನೇ ಎಳೆದರೆ ಲೇಖನ ಆಗುವುದಿಲ್ಲ ಅಲ್ವಾ? ನನ್ನ ಕಣ್ಣು ನಿಂತದ್ದು 1891 ಮತ್ತು 1901ರ ನಡುವಿನ ಖಾಲಿ ಜಾಗದಲ್ಲಿ. ಚುನಾವಣೆ ಸೋತು, ಮ್ಯಾಡಿಸನ್ ಊರಲ್ಲಿ ವಕೀಲಿಕೆ ಮಾಡಿಕೊಂಡಿದ್ದ ವರ್ಷಗಳವು. ಅವರ ರಾಜಕೀಯ ಗಟ್ಟಿಯಾದದ್ದೇ ಆಗ ಅಂತ ನನಗೆ ಅನ್ನಿಸಿತು. ಹಾಗಾಗಿ ಅಲ್ಲಿಂದಲೇ ಬರೆಯತೊಡಗಿದೆ.

ಸರ್ಕಾರದ ಹಣದ ಬಡ್ಡಿಯನ್ನು ಜೇಬಿಗೆ ಹಾಕಿಕೊಂಡಿದ್ದ ಮಾಜಿ ಖಜಾಂಚಿಗಳ ಮೇಲೆ ರಾಜ್ಯ ಮೊಕದ್ದಮೆ ಹೂಡಿತ್ತು. ಅವರಿಗೆ ಜಾಮೀನು ನಿಂತವರಲ್ಲಿ ಫಿಲೆಟಸ್ ಸಾಯರ್ ಒಬ್ಬರು. ಮರದ ವ್ಯಾಪಾರದಲ್ಲಿ ದುಡ್ಡು ಮಾಡಿದ, ಲಾ ಫಾಲೆಟ್ ಅವರದ್ದೇ ರಿಪಬ್ಲಿಕನ್ ಪಕ್ಷದ ದೊಡ್ಡ ಸೆನೆಟರ್. ಆ ಮೊಕದ್ದಮೆಯ ನ್ಯಾಯಾಧೀಶರು ಲಾ ಫಾಲೆಟ್ ಅವರ ಅಕ್ಕನ ಗಂಡ. 1891ರಲ್ಲಿ ಮಿಲ್ವಾಕಿಯ ಹೋಟೆಲೊಂದರಲ್ಲಿ ಸಾಯರ್ ಲಾ ಫಾಲೆಟ್ ಅವರಿಗೆ ಹಣ ಕೊಡಲು ಬಂದರು. ಅದು ಲಂಚ ಅಂತ ಲಾ ಫಾಲೆಟ್ ಬಹಿರಂಗವಾಗಿ ಹೇಳಿದರು. ವಕೀಲರ ಫೀಸು ಅಂತ ಸಾಯರ್ ವಾದ. ಕೋಣೆಯಲ್ಲಿ ನಡೆದ ಮಾತಿಗೆ ನಾನು ತೀರ್ಪು ಕೊಡಲಿಲ್ಲ. ಇಬ್ಬರ ಮಾತನ್ನೂ ಪಕ್ಕಪಕ್ಕ ಇಟ್ಟೆ. ಆದರೆ ಆ ಕ್ಷಣದಿಂದ ಪಕ್ಷದ ಮುಖಂಡರು ಲಾ ಫಾಲೆಟ್ ಅವರ ವೈರಿಗಳಾದರು ಅನ್ನುವುದನ್ನು ಒತ್ತಿ ಬರೆದೆ.

1896ರಲ್ಲಿ, ಮತ್ತೆ 1898ರಲ್ಲಿ ಗವರ್ನರ್ ಟಿಕೆಟ್ ಕೈತಪ್ಪಿತು. ಟಿಕೆಟ್ ಕೊಡುತ್ತಿದ್ದುದು ಪಕ್ಷದ ಪ್ರತಿನಿಧಿಗಳ ಸಮಾವೇಶ. ಪ್ರತಿನಿಧಿಗಳನ್ನು ಕೊಂಡುಕೊಂಡರು ಅಂತ ಲಾ ಫಾಲೆಟ್ ಆರೋಪಿಸಿದರು. ಅಭ್ಯರ್ಥಿಯನ್ನು ಮತದಾರರೇ ಆರಿಸಲಿ ಅಂತ ಊರೂರು ಸುತ್ತಿದರು. ಒಬ್ಬ ಶಾಸಕ ಯಾವ ಮಸೂದೆಗೆ ಹೇಗೆ ಮತ ಹಾಕಿದ ಅಂತ ಅವನ ಕ್ಷೇತ್ರದಲ್ಲೇ ನಿಂತು ಓದಿ ಹೇಳುತ್ತಿದ್ದರು! ಅದು ವಕೀಲರು ದಾಖಲೆ ಮಂಡಿಸುವ ರೀತಿ. ನನಗೆ ತುಂಬಾ ಇಷ್ಟವಾದ ಭಾಗ ಇದು. ಮತದಾರರೇ ಅಭ್ಯರ್ಥಿಯನ್ನು ಆರಿಸುವ ಕಾನೂನು 1904ರಲ್ಲಿ ಜನಮತದಿಂದ ಗೆದ್ದಿತು. ಮರುವರ್ಷ ರೈಲ್ವೆ ದರಗಳ ಮೇಲೆ ಕಣ್ಣಿಡಲು ಆಯೋಗ ಬಂತು.

ಜಾಸ್ತಿ ಎಚ್ಚರ ಬೇಕಾದದ್ದು 1917ರ ವಿಷಯದಲ್ಲಿ. ಮೊದಲ ಮಹಾಯುದ್ಧದ ಆ ವರ್ಷ, ಏಪ್ರಿಲ್ 4ರಂದು ಜರ್ಮನಿಯ ಮೇಲಿನ ಯುದ್ಧ ಘೋಷಣೆಯ ವಿರುದ್ಧ ಮತ ಹಾಕಿದ ಆರು ಸೆನೆಟರುಗಳಲ್ಲಿ ಅವರೂ ಒಬ್ಬರು. ಸೆಪ್ಟೆಂಬರಿನಲ್ಲಿ ಸೇಂಟ್ ಪಾಲ್‌ನಲ್ಲಿ ಭಾಷಣ ಮಾಡಿದರು. ಜರ್ಮನಿಯ ಮೇಲೆ ನಮಗೆ ದೂರುಗಳಿವೆ ಅಂತ ಅವರು ಹೇಳಿದ್ದರೆ, ದೂರೇ ಇಲ್ಲ ಅಂದರು ಅಂತ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ವರದಿ ಹೋಯಿತು. ಸೆನೆಟ್‌ನಿಂದ ಹೊರಹಾಕಿ ಅನ್ನುವ ಕೂಗೆದ್ದಿತು. 1918ರಲ್ಲಿ ಆ ಸಂಸ್ಥೆ ತಪ್ಪೊಪ್ಪಿಕೊಂಡಿತು. 1919ರ ಜನವರಿಯಲ್ಲಿ ಸೆನೆಟ್ 50–21 ಮತಗಳಿಂದ ಪ್ರಕರಣ ಕೈಬಿಟ್ಟಿತು. ಆ ದಿನಗಳ ಪತ್ರಿಕೆಗಳನ್ನಷ್ಟೇ ನಂಬಿದರೆ ಅವರು ದೇಶದ್ರೋಹಿಯಾಗಿಯೇ ಉಳಿಯುತ್ತಾರೆ. ಅದಕ್ಕೇ ಯಾವುದೇ ಪತ್ರಿಕಾ ವರದಿ ಸಿಕ್ಕರೂ, ಆಮೇಲಿನ ಒಂದೆರಡು ವರ್ಷಗಳಲ್ಲಿ ತಿದ್ದುಪಡಿ ಬಂದಿದೆಯಾ ಅಂತ ಹುಡುಕುತ್ತೇನೆ.

1924ರ ಅಧ್ಯಕ್ಷೀಯ ಸ್ಪರ್ಧೆಯನ್ನು ಚಿಕ್ಕದಾಗಿ ಮುಗಿಸಿದೆ. ಸುಮಾರು 48 ಲಕ್ಷ ಮತ, ಗೆದ್ದದ್ದು ವಿಸ್ಕಾನ್ಸಿನ್ ಒಂದೇ. ಮರುವರ್ಷ ಜೂನ್‌ನಲ್ಲಿ ತೀರಿಕೊಂಡರು. ತೆರವಾದ ಸೆನೆಟ್ ಸ್ಥಾನಕ್ಕೆ ನಿಲ್ಲಿ ಅಂತ ಹೆಂಡತಿ ಬೆಲ್ ಕೇಸ್ ಅವರನ್ನು ಒತ್ತಾಯಿಸಿದರು. ಅವರು ಒಪ್ಪಲಿಲ್ಲ, ಮಗ ನಿಂತು ಗೆದ್ದರು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಿಂದ 1885ರಲ್ಲಿ ಕಾನೂನು ಪದವಿ ಪಡೆದ ಮೊದಲ ಮಹಿಳೆ ಬೆಲ್. ನನ್ನ ಲೇಖನದಲ್ಲಿ ಅವರಿಗೆ ಸಿಕ್ಕಿದ್ದು ಎರಡೇ ಪ್ಯಾರಾ, ಅದು ಸಾಲದು. ಈಗ ಅವರ ಬಗ್ಗೆಯೇ ಬೇರೆ ಲೇಖನಕ್ಕೆ ಟಿಪ್ಪಣಿ ಮಾಡಿಕೊಳ್ಳುತ್ತಿದ್ದೇನೆ.