ಮಗುವಿಗಿಂತ ಮೊದಲು ನಾವು ಆ ಮನೆಗೆ ಹೋಗಿ ಬರಬೇಕು

ಮನೆ ಬಿಟ್ಟು ಒಬ್ಬರೇ ರೈಲು ಹತ್ತಿ ಬೆಂಗಳೂರಿಗೆ ಬಂದಿಳಿಯುವ ಮಕ್ಕಳ ಜೊತೆ ನನ್ನ ಕೆಲಸ. ಜಾಗ ಸಂಗೊಳ್ಳಿ ರಾಯಣ್ಣ ಸ್ಟೇಷನ್. ಜನ ನನ್ನನ್ನು ಕೇಳುವುದು ಯಾವಾಗಲೂ ಒಂದೇ: "ಎಷ್ಟು ಮಕ್ಕಳನ್ನ ಮನೆ ಸೇರಿಸಿದ್ರಿ?" ಮನೆ ಸೇರಿಸುವುದು ಅಂಥ ಕಷ್ಟ ಅಲ್ಲ. ಟಿಕೆಟ್ ತೆಗೆದು ಜೊತೆಗೊಬ್ಬರನ್ನು ಕಳಿಸಿದರೆ ಬೆಳಗಾಗುವಷ್ಟರಲ್ಲಿ ಊರು ಬರುತ್ತದೆ. ಸೇರಿಸಿದ ಹುಡುಗ ಮುಂದಿನ ತಿಂಗಳು ಮತ್ತೆ ಅದೇ ಪ್ಲಾಟ್‌ಫಾರ್ಮ್‌ನಲ್ಲಿ ಸಿಗಬಾರದು. ಕಷ್ಟ ಇರುವುದು ಅಲ್ಲಿ.

ಮುಂಬೈ ಕಡೆಯಿಂದ ಬರುವ ಉದ್ಯಾನ್ ಎಕ್ಸ್‌ಪ್ರೆಸ್ ಕಲಬುರಗಿ, ವಾಡಿ, ಯಾದಗಿರಿ, ರಾಯಚೂರು ದಾಟಿ ಬರುತ್ತದೆ. ಅದರ ಜನರಲ್ ಬೋಗಿಯಿಂದ ಇಳಿಯುವವರ ಕಾಲ್ನಡಿಗೆ ನೋಡುತ್ತಾ ನಿಲ್ಲುತ್ತೇನೆ. ಮನೆಯವರ ಜೊತೆ ಬಂದ ಮಗು ದೊಡ್ಡವರ ಹಿಂದೆ ಹಿಂದೆಯೇ ಓಡುತ್ತದೆ. ಒಂಟಿಯಾಗಿ ಬಂದ ಮಗುವಿಗೆ ಅವಸರ ಇರುವುದಿಲ್ಲ. ಎಲ್ಲರೂ ಹೋದ ಮೇಲೂ ನಲ್ಲಿ ಹತ್ತಿರ ನಿಂತಿರುತ್ತದೆ, ಇಲ್ಲಾ ಟಿವಿ ಪರದೆ ನೋಡುತ್ತಿರುತ್ತದೆ. ಅಂಥವರನ್ನು ಮೊದಲ ದಿನವೇ ಮಾತಾಡಿಸಬೇಕು. ಎರಡು ಮೂರು ದಿನ ಕಳೆದರೆ ಬಾಟಲಿ ಆರಿಸುವ ದೊಡ್ಡ ಹುಡುಗರು ಅವರನ್ನು ತಮ್ಮ ಗುಂಪಿಗೆ ಸೇರಿಸಿಕೊಂಡಿರುತ್ತಾರೆ. ಅಂಗಿ ಬಿಚ್ಚಿ ಅದರಲ್ಲೇ ಬೋಗಿ ಗುಡಿಸಿ ಕೈ ಚಾಚುವುದನ್ನು ಕಲಿಸುತ್ತಾರೆ. ಸಂಜೆಗೆ ದುಡಿದದ್ದರಲ್ಲಿ ಪಾಲು ಕೇಳುತ್ತಾರೆ. ಬಟ್ಟೆಗೆ ಸೊಲ್ಯೂಷನ್ ಹಾಕಿ ಮೂಗಿಗೆ ಹಿಡಿಯುವುದನ್ನೂ ಅವರೇ ಕಲಿಸುತ್ತಾರೆ. ಪಂಕ್ಚರ್ ಅಂಗಡಿಯ ಗಮ್ ಅದು. ಹಸಿವೂ ಗೊತ್ತಾಗಲ್ಲ, ಚಳಿಯೂ ಗೊತ್ತಾಗಲ್ಲ ಅನ್ನುತ್ತಾರೆ ಮಕ್ಕಳು.

ಮೊದಲ ಮಾತಿಗೆ ಊರು, ಹೆಸರು ಕೇಳಲೇಬಾರದು. ಹೆಸರು ಕೇಳಿದರೆ ಸಿನಿಮಾ ಹೀರೋ ಹೆಸರು ಹೇಳುತ್ತಾರೆ. ಊರು ಕೇಳಿದರೆ ರೈಲಿನಲ್ಲಿ ಕೊನೆಗೆ ನೋಡಿದ ಸ್ಟೇಷನ್ ಹೆಸರು ಬರುತ್ತದೆ. ನಾನು "ಊಟ ಆಯ್ತಾ?" ಅಂತ ಕೇಳಿ ಪಕ್ಕದಲ್ಲಿ ಕೂರುತ್ತೇನೆ. ಫೋಟೋ ತೆಗೆಯಲ್ಲ, ಕೈ ಹಿಡಿದು ಎಳೆಯಲ್ಲ. ಕಾನೂನಿನ ಕೆಲಸ ಮಾತ್ರ ತಡ ಮಾಡುವಂತಿಲ್ಲ. ಬಾಲನ್ಯಾಯ ಕಾಯ್ದೆ 2015ರ ಪ್ರಕಾರ, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರು ಮಾಡಬೇಕು. ಮಗು ಎಲ್ಲಿರಬೇಕು, ಯಾವಾಗ ಮನೆಗೆ ಹೋಗಬೇಕು ಅನ್ನುವುದನ್ನೆಲ್ಲ ತೀರ್ಮಾನಿಸುವುದು ಆ ಸಮಿತಿ, ನಾವಲ್ಲ. ಅಲ್ಲಿವರೆಗೆ ಮಗು ಬಾಲಮಂದಿರದಲ್ಲೋ ತೆರೆದ ತಂಗುದಾಣದಲ್ಲೋ ಇರುತ್ತದೆ. "ಪಾಪ, ನಾನೇ ರೈಲು ಹತ್ತಿಸಿ ಕಳಿಸಿಬಿಟ್ಟೆ" ಅನ್ನುವ ಒಳ್ಳೆ ಮನಸ್ಸಿನವರು ಆಗಾಗ ಸಿಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಮಗು ಮುಂದಿನ ಸ್ಟೇಷನ್‌ನಲ್ಲೇ ಇಳಿದಿರುತ್ತದೆ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಯಾರಾದರೂ ಬರುವವರೆಗೆ ಜೊತೆಗಿದ್ದರೆ ಸಾಕು.

ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಹನ್ನೊಂದು ವರ್ಷ ಇರಬಹುದು. ಊರು ಕೇಳಿದವರಿಗೆಲ್ಲ "ರಾಯಚೂರು" ಅಂದಿದ್ದ. ಅಷ್ಟರಲ್ಲಿ ಮನೆ ಹುಡುಕೋಕೆ ಆಗುತ್ತಾ? ನಾನು ಊರಿನ ಹೆಸರು ಬಿಟ್ಟು ಬೇರೆಯದೇ ಕೇಳುತ್ತಾ ಹೋದೆ. ಹೊಲದಲ್ಲಿ ಏನು ಬೆಳೀತಾರೆ? ಹತ್ತಿ, ತೊಗರಿ. ಬಸ್ಸು ಊರೊಳಗೆ ಬರುತ್ತಾ? ಇಲ್ಲ, ರೋಡಿಗೆ ನಡೀಬೇಕು. ದೊಡ್ಡ ಜಾತ್ರೆ ಯಾವುದು? ಅಲ್ಲಿ ಅವನ ಮುಖ ಅರಳಿತು.

"ಮೌನೇಶ್ವರ ಜಾತ್ರಿ ಅಕ್ಕಾ. ನಾವು ನಡಕೊಂಡೇ ಹೋಗ್ತೀವಿ. ಬ್ರಿಡ್ಜ್ ದಾಟಿದ್ರ ಗುಡಿ."

ಮೌನೇಶ್ವರನ ಗುಡಿ ಇರುವುದು ತಿಂಥಣಿಯಲ್ಲಿ, ಕೃಷ್ಣಾ ನದಿ ದಂಡೆ ಮೇಲೆ, ಯಾದಗಿರಿ ಜಿಲ್ಲೆಯಲ್ಲಿ. ಬ್ರಿಡ್ಜ್ ದಾಟಿ ಗುಡಿಗೆ ಹೋಗಬೇಕಾದರೆ ಇವನ ಊರು ಈಚೆ ದಂಡೆಯಲ್ಲಿ, ಅಂದರೆ ರಾಯಚೂರು ಜಿಲ್ಲೆಯಲ್ಲೇ, ನಡೆದು ಹೋಗುವಷ್ಟು ದೂರದಲ್ಲಿರಬೇಕು. ಇಡೀ ಜಿಲ್ಲೆ ಹೋಗಿ ಒಂದಷ್ಟು ಹಳ್ಳಿಗಳಿಗೆ ಬಂದು ನಿಂತಿತು. ಆಮೇಲೆ ನಾನು ಹಿಡಿಯುವುದು ಅಂಗನವಾಡಿ ಟೀಚರ್‌ಗಳನ್ನು. ಯಾವ ಮನೆಯಲ್ಲಿ ಎಷ್ಟು ಮಕ್ಕಳು, ಯಾರು ಗುಳೆ ಹೋಗಿದ್ದಾರೆ, ಯಾರ ಮನೆ ಹುಡುಗ ಕಾಣುತ್ತಿಲ್ಲ, ಎಲ್ಲಾ ಅವರ ತಲೆಯಲ್ಲಿರುತ್ತದೆ. ಪೊಲೀಸ್ ಠಾಣೆಯಲ್ಲಿ ಕಂಪ್ಲೇಂಟ್ ಇದೆಯಾ ಅಂತಲೂ ನೋಡುತ್ತೇವೆ. ಮಗು ಕಾಣೆಯಾದರೆ ಎಫ್‌ಐಆರ್ ಹಾಕಲೇಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಆದರೆ ಬಡವರ ಮನೆಯವರು ಠಾಣೆಯ ಮೆಟ್ಟಿಲು ಹತ್ತಬೇಕಲ್ಲ. ಈ ಹುಡುಗನ ವಿಷಯದಲ್ಲಿ ಯಾರೂ ಹತ್ತಿರಲಿಲ್ಲ.

ಮನೆ ಸಿಕ್ಕಿತು ಅಂತ ತಕ್ಷಣ ಮಗುವನ್ನು ಕರೆದುಕೊಂಡು ಹೊರಡುವುದಿಲ್ಲ. ಮೊದಲು ನಾವು ಹೋಗುತ್ತೇವೆ, ಬರಿಗೈಯಲ್ಲಿ. ಸರ್ಕಾರಿ ಭಾಷೆಯಲ್ಲಿ ಇದಕ್ಕೆ ಸಾಮಾಜಿಕ ತನಿಖೆ ಅನ್ನುತ್ತಾರೆ. ಸುಮ್ನೆ ಫಾರಂ ತುಂಬಿದರೆ ಅರ್ಧ ಗಂಟೆ ಕೆಲಸ. ನಾನು ಕಟ್ಟೆ ಮೇಲೆ ಕೂತು ಚಹಾ ಕುಡಿಯುವ ಗಿರಾಕಿ.

ಹುಡುಗ ಏಕೆ ಓಡಿ ಬಂದ ಅಂತ ನಮಗೆ ಹೇಳಿದ್ದು "ಅಪ್ಪ ಬಡಿದ" ಅಂತ ಮಾತ್ರ. ಅವರಪ್ಪನೂ ಒಪ್ಪಿಕೊಂಡ. ಆದರೆ ಏಕೆ ಬಡಿದ? ಕುರಿ ಕಾಯಲು ಹೋಗಲ್ಲ ಅಂದಿದ್ದಕ್ಕೆ. ಯಾರ ಕುರಿ? ಅಲ್ಲಿ ಅಪ್ಪ ಸುಮ್ಮನಾದ. ಅಜ್ಜಿ ಒಳಗಿನಿಂದಲೇ ಹೇಳಿದಳು, ಇನ್ನೊಬ್ಬರ ಹಿಂಡಿಗೆ ವರ್ಷದ ಮೇಲೆ ಇಟ್ಟಿದ್ದೇವೆ ಅಂತ. ಮಗಳ ಮದುವೆಗೆ ಕೈಸಾಲ ಬೇಕಾಗಿತ್ತು. ಹಿಂಡಿನ ಮಾಲೀಕ ಕೊಟ್ಟ. ಬದಲಿಗೆ ಹುಡುಗ. ಮಳೆ ಬಿಸಿಲು ಅನ್ನದೆ ಊರೂರು ಹಿಂಡಿನ ಹಿಂದೆ ಅಲೆಯಬೇಕು, ರಾತ್ರಿ ಹೊಲದಲ್ಲೇ ಮಲಗಬೇಕು. ಒಂದು ಮರಿ ಸತ್ತರೂ ಇವನ ಲೆಕ್ಕಕ್ಕೆ.

"ಮುಂಗಡ ರೊಕ್ಕ ತಿಂದೀವ್ರೀ ಅಕ್ಕೋರ. ಹುಡುಗ ಬಂದ್ರ ಮತ್ತ ಅಲ್ಲಿಗೇ ಕಳಸಬೇಕಾಗ್ತದ," ಅಂದ ಅಪ್ಪ. ಕೆಟ್ಟವನೇನಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ.

ಈ ಮನೆಗೆ ಹುಡುಗನನ್ನು ನೇರವಾಗಿ ತಂದು ಬಿಟ್ಟಿದ್ದರೆ ಏನಾಗುತ್ತಿತ್ತು ನೀವೇ ಯೋಚಿಸಿ. ಫೈಲಿನಲ್ಲಿ "ಕುಟುಂಬಕ್ಕೆ ಸೇರಿಸಲಾಗಿದೆ" ಅಂತ ಬರುತ್ತಿತ್ತು, ಹುಡುಗ ಮಾರನೇ ದಿನ ಹಿಂಡಿನ ಹಿಂದೆ ಇರುತ್ತಿದ್ದ. ಅದಕ್ಕೇ ಅವನನ್ನು ಬಾಲಮಂದಿರದಲ್ಲೇ ಉಳಿಸಿಕೊಂಡು ಇತ್ತ ಕೆಲಸ ಶುರು ಮಾಡಿದೆವು. ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಕಾರ್ಮಿಕ ಇಲಾಖೆ, ತಹಶೀಲ್ದಾರರ ಕಚೇರಿ, ಎಲ್ಲ ಕಡೆ ಓಡಾಟ. 14 ವರ್ಷದೊಳಗಿನ ಮಗುವನ್ನು ಹೀಗೆ ದುಡಿಸುವುದೇ ಅಪರಾಧ. ಸಾಲಕ್ಕೆ ಜೀತ ಇಟ್ಟುಕೊಂಡರೆ 1976ರ ಜೀತ ನಿರ್ಮೂಲನಾ ಕಾಯ್ದೆ ಪ್ರಕಾರ ಆ ಸಾಲವೇ ಇಲ್ಲ, ತೀರಿಸಬೇಕಾಗಿಲ್ಲ. ಮಾಲೀಕ ಮೊದಮೊದಲು "ನಾ ಎಲ್ಲಿ ಜೀತ ಇಟ್ಟೀನಿ, ಪಗಾರ ಕೊಟ್ಟೀನಿ" ಅಂತ ಜೋರು ಮಾಡಿದ. ಕಾರ್ಮಿಕ ಇಲಾಖೆಯವರು ಹೇಳಿಕೆ ಬರೆದುಕೊಳ್ಳಲು ಕೂತಾಗ ದನಿ ಇಳಿಯಿತು. ಸಾಲ ಹೋಯಿತು ಅಂತ ಗಟ್ಟಿಯಾದ ಮೇಲೆ ಅಪ್ಪ ನಮ್ಮ ಜೊತೆ ಬಿಡಿಸಿ ಮಾತಾಡಲು ಶುರು ಮಾಡಿದ. ಅಲ್ಲಿವರೆಗೆ ನಾವು ಎಷ್ಟು ತಿಳಿಸಿ ಹೇಳಿದರೂ ಅವನ ಕಿವಿಗೆ ಹೋಗಿರಲಿಲ್ಲ. ಸಾಲ ಇರುವವನಿಗೆ ಬುದ್ಧಿಮಾತು ಹೇಳಿ ಏನು ಪ್ರಯೋಜನ?

ಇತ್ತ ಹುಡುಗನ ಕಡೆಯೂ ಕೆಲಸ ಇತ್ತು. ಸೊಲ್ಯೂಷನ್ ಬಿಟ್ಟ ಮೊದಲ ದಿನಗಳು ಕಷ್ಟ. ನಿದ್ದೆ ಬರಲ್ಲ, ಸಿಡಿಮಿಡಿ, ಸುಮ್ಮನೆ ಜಗಳ. ಡಾಕ್ಟರ್ ಜೊತೆಗಿರಬೇಕು. ಜಾಸ್ತಿ ಅಭ್ಯಾಸ ಆದವರನ್ನು ನಿಮ್ಹಾನ್ಸ್‌ಗೆ ಕರೆದೊಯ್ಯುತ್ತೇವೆ. ಇವನು ಅಷ್ಟು ದೂರ ಹೋಗಿರಲಿಲ್ಲ. ಅವನ ಭಯ ಬೇರೆ. "ಊರಾಗ ಎಲ್ಲಾರೂ ನಗ್ತಾರ" ಅನ್ನುತ್ತಿದ್ದ. ಈ ಭಯವನ್ನು ಹಗುರವಾಗಿ ನೋಡಬಾರದು. ಅಪ್ಪ ಹೊಡೆದಿದ್ದನ್ನು ಮರೆಯುವ ಮಕ್ಕಳು ಓಣಿಯವರ ಚುಚ್ಚುಮಾತು ಮರೆಯಲ್ಲ. "ಬಂದನಪಾ ಬೆಂಗಳೂರು ಸಾಹೇಬ" ಅಂತ ಕಟ್ಟೆ ಮೇಲಿನವರು ದಿನಾ ಅಂದರೆ ಎಷ್ಟು ದಿನ ಸಹಿಸುತ್ತಾನೆ? ಅದಕ್ಕೆ ಅಂಗನವಾಡಿ ಟೀಚರ್ ಹತ್ತಿರ ಓಣಿಯ ಹೆಂಗಸರ ಜೊತೆ ಮಾತಾಡಲು ಹೇಳಿದೆ. ಹೆಡ್‌ಮಾಸ್ತರಿಗೂ ಒಂದೇ ಮಾತು ಹೇಳಿದೆ: ಓಡಿ ಹೋದವನು ಅಂತ ತರಗತಿಯಲ್ಲಿ ಯಾರೂ ಅನ್ನಬಾರದು. ಟಿಸಿ ಇಲ್ಲ, ಜನ್ಮ ಪ್ರಮಾಣಪತ್ರ ಇಲ್ಲ ಅಂತ ಶಾಲೆಯವರು ತಕರಾರು ತೆಗೆಯುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಅದು ಸ್ಪಷ್ಟವಾಗಿದೆ. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು.

ಸಮಿತಿಯ ಆದೇಶ ಬಂದ ಮೇಲೆ ಹುಡುಗನನ್ನು ಮನೆಗೆ ಕರೆದೊಯ್ದದ್ದು. ಅವ್ವ ಅಳಲಿಲ್ಲ, ತಬ್ಬಿಕೊಳ್ಳಲಿಲ್ಲ. ಅವನ ತಲೆ ನೋಡಿ, "ಯಾವ ಕ್ಷೌರದವ ಹಿಂಗ ಕಡದಾನ?" ಅಂತ ಸಿಟ್ಟಾದಳು. ಹುಡುಗ ನಕ್ಕ. ಅವನು ನಕ್ಕಿದ್ದನ್ನು ನಾನು ಅಲ್ಲಿವರೆಗೆ ನೋಡಿರಲಿಲ್ಲ.

ಎಲ್ಲ ಮಕ್ಕಳಿಗೂ ಮನೆಯೇ ಮದ್ದು ಅಂತ ನಾನು ಹೇಳಲ್ಲ. ಮನೆಯೊಳಗೇ ಮೈಮುಟ್ಟುವವನಿದ್ದರೆ ಅಲ್ಲಿಗೆ ಮಗುವನ್ನು ಕಳಿಸಬಾರದು. ಅಂಥ ಕಡೆ ಅಜ್ಜಿ, ಚಿಕ್ಕಮ್ಮ, ಸೋದರಮಾವ ಅಂತ ಹುಡುಕುತ್ತೇವೆ. ಅದೂ ಆಗದಿದ್ದರೆ ವಸತಿ ಶಾಲೆ, ಬಾಲಮಂದಿರ. ಮಗು "ಹೋಗಲ್ಲ" ಅಂದರೆ ಏಕೆ ಅಂತ ಕೇಳಬೇಕೇ ಹೊರತು ಹಟ ಅಂತ ಬರೆದುಕೊಳ್ಳಬಾರದು.

ದುಡ್ಡಿನ ವಿಷಯ ಹೇಳದೆ ಬಿಟ್ಟರೆ ಎಲ್ಲಾ ಬರೀ ಮಾತಾಗುತ್ತದೆ. ಮಕ್ಕಳ ರಕ್ಷಣೆಗೆ ಕೇಂದ್ರ ಸರ್ಕಾರದ ಯೋಜನೆಯಾದ ಮಿಷನ್ ವಾತ್ಸಲ್ಯದಲ್ಲಿ ಪ್ರಾಯೋಜಕತ್ವ ಅಂತ ಒಂದಿದೆ. ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಬಾಲಮಂದಿರದಿಂದ ಮನೆಗೆ ಮರಳಿದ ಮಕ್ಕಳಿಗೂ ಸಿಗುತ್ತದೆ. ಹಳ್ಳಿಯಲ್ಲಿ ಮನೆಯ ವರಮಾನ ವರ್ಷಕ್ಕೆ 72,000 ರೂಪಾಯಿ ಮೀರಬಾರದು. ಅರ್ಜಿ ಹಾಕುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಬ್ಯಾಂಕ್ ಖಾತೆ, ಆಧಾರ್, ಆದಾಯ ಪ್ರಮಾಣಪತ್ರ ಅಂತ ಅಲೆದಾಟ ಇದ್ದೇ ಇದೆ. ಅದನ್ನು ಮಗು ಮನೆಗೆ ಹೋಗುವ ಮೊದಲೇ ಶುರು ಮಾಡಿ. ಕೂಲಿ ಬಿಟ್ಟು ಕಚೇರಿ ಸುತ್ತು ಅಂತ ಆ ಅಪ್ಪನಿಗೆ ಹೇಳಿದರೆ ಎರಡನೇ ಸಲ ಅವನು ಹೋಗಲ್ಲ.

ಮನೆ ಸೇರಿದ ಮೇಲೆ ಮೊದಲ ಮೂರು ತಿಂಗಳು ನಾಜೂಕು. ಫೋನ್ ಮಾಡುತ್ತಿರುತ್ತೇನೆ. ಅಪ್ಪನಿಗಲ್ಲ, ಅಜ್ಜಿಗೆ. ಅಪ್ಪ "ಆರಾಮ್ ಅದಾನ್ರಿ" ಅಂದು ಇಡುತ್ತಾನೆ. ಅಜ್ಜಿ ಶಾಲೆ ತಪ್ಪಿಸಿದ ದಿನ, ಯಾರ ಜೊತೆ ಜಗಳ, ಎಲ್ಲಾ ಹೇಳುತ್ತಾಳೆ. ಅವಳು ಹೇಳಿಯೇ ಗೊತ್ತಾಗಿದ್ದು, ಹುಡುಗನಿಗೆ ಕುರಿ ಅಂದರೆ ಈಗಲೂ ಇಷ್ಟವಂತೆ. ಶಾಲೆ ಬಿಟ್ಟು ಬಂದವನೇ ಪಕ್ಕದ ಮನೆ ಮರಿಗಳ ಹತ್ತಿರ ಇರುತ್ತಾನೆ.

ಈಗಿನ ತಲೆನೋವು ಗುಳೆ. ಹಿಂಗಾರು ಕೈಕೊಟ್ಟಿದೆ. ಅಪ್ಪ ಅವ್ವ ಇಬ್ಬರೂ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೊರಟಿದ್ದಾರೆ. ಹುಡುಗನನ್ನೂ ಕರೆದುಕೊಂಡು ಬಂದರೆ ಶಾಲೆ ಹೋಯಿತು. ಗುಳೆ ಹೋಗುವವರ ಮಕ್ಕಳಿಗೆ ಅಂತ ಇರುವ ಸೀಸನಲ್ ಹಾಸ್ಟೆಲ್‌ಗೆ ಹೆಸರು ಬರೆಸಿದ್ದೇವೆ. ಪಟ್ಟಿ ಇನ್ನೂ ಬಂದಿಲ್ಲ. ಸದ್ಯಕ್ಕೆ ಅಜ್ಜಿಯ ಹತ್ತಿರ ಬಿಡಲು ಅಪ್ಪ ಒಪ್ಪಿದ್ದಾನೆ. ನಾಡಿದ್ದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿ ಆ ಪಟ್ಟಿ ಏನಾಯಿತು ಅಂತ ಕೇಳಬೇಕು.