ಜೀರ್ಜಿಂಬೆಯ ಹೊಳಪನ್ನು ಪಳಗಿಸಿದ ಬಗೆ

ಚಿಕ್ಕವನಾಗಿದ್ದಾಗ ಬೆಂಕಿಪೊಟ್ಟಣದಲ್ಲಿ ಜಾಲಿ ಸೊಪ್ಪು ಹಾಕಿ ಸಾಕುತ್ತಿದ್ದ ಜೀರ್ಜಿಂಬೆ ಹುಳುವನ್ನು ಕ್ಯಾಮೆರಾದಲ್ಲಿ ಸರಿಯಾಗಿ ಹಿಡಿಯಲು ನನಗೆ ಮೂರು ಮಳೆಗಾಲಗಳೂ ಹೆಚ್ಚುಕಡಿಮೆ ಒಂಬತ್ತು ಸಾವಿರ ರೂಪಾಯಿಗಳೂ ಬೇಕಾದವು. ಅದರ ಕತ್ತಿನ ಮೇಲಿನ ಹಸಿರು ಕವಚ ಒಂದು ಕನ್ನಡಿ. ಎದುರಿಗೆ ಏನು ಹಿಡಿದರೆ ಅದನ್ನೇ ಮರಳಿ ತೋರಿಸುತ್ತದೆ.

ಮೊದಲು ಸುಮಾರು 1,900 ರೂಪಾಯಿಗೆ, ಲೆನ್ಸಿನ ಸುತ್ತ ಬಳೆಯಂತೆ ಕೂರುವ ಎಲ್‌ಇಡಿ ರಿಂಗ್ ಲೈಟ್ ತಂದೆ. ಹುಳು ಸೆನ್ಸರಿನ ಮೇಲೆ ತನ್ನ ನಿಜ ಗಾತ್ರದಲ್ಲೇ ಮೂಡುವ 1:1ರಲ್ಲಿ ಲೆನ್ಸಿನ ಕಿಂಡಿಯನ್ನು ಎಫ್/11ಕ್ಕೆ ಇಟ್ಟರೆ (ಈ ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಚಿಕ್ಕದು) ಒಳಗೆ ಬರುವುದು ಎಫ್/22ರಷ್ಟು ಬೆಳಕು ಮಾತ್ರ, ಹಾಗಾಗಿ ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಅಳತೆಯಾದ ಐಎಸ್‌ಒವನ್ನು 3200ಕ್ಕೆ ಏರಿಸಿದರೂ ಶಟರ್ ವೇಗ 1/60 ಸೆಕೆಂಡಿಗೆ ಇಳಿಯಿತು, ಹುಳುವಿನ ಮೀಸೆ ಅಲುಗಿ ಮಸುಕಾಯಿತು. ಸಾಲದೆಂಬಂತೆ ಕವಚದ ಮೇಲೆ ಬಿಳಿ ಬಳೆಯೊಂದು ಅಚ್ಚೊತ್ತಿ ಕುಳಿತಿತು. ಮೂರು ಸಾವಿರದ ಫ್ಲ್ಯಾಷ್‌ಗೆ ಎರಡು ಸಾವಿರ ಚಿಲ್ಲರೆಯ ಬಟ್ಟೆಯ ಡಿಫ್ಯೂಸರ್ (ಬೆಳಕನ್ನು ಹರಡಿ ಮೃದುವಾಗಿಸುವ ಪರದೆ) ಹೊದಿಸಿದ್ದು ಎರಡನೆಯ ತಪ್ಪು. ಡಿಫ್ಯೂಸರ್ ದೊಡ್ಡದೇ, ಆದರೆ ಹುಳುವಿನಿಂದ ಒಂದು ಮೊಳ ಹಿಂದಿತ್ತು. ಲೆನ್ಸಿನ ತುದಿಗೂ ಹುಳುವಿಗೂ ಒಂದು ಗೇಣೂ ಇಲ್ಲದ ಕಡೆ, ಲೆನ್ಸಿನದೇ ನೆರಳು ಚಿತ್ರದ ಕೆಳಗಿನ ಅರ್ಧವನ್ನು ನುಂಗಿತು.

ಕೊನೆಗೆ ನೆರವಿಗೆ ಬಂದದ್ದು ಮಗಳು ತಿಂದೆಸೆದ ಆಲೂಗಡ್ಡೆ ಚಿಪ್ಸಿನ ಉದ್ದನೆಯ ಡಬ್ಬಿ. ಅದನ್ನು ಫ್ಲ್ಯಾಷಿನ ಮುಂದಕ್ಕೆ ಸಿಕ್ಕಿಸಿದೆ; ಒಳಮೈ ಬೆಳ್ಳಿ ಬಣ್ಣದ್ದಾದ್ದರಿಂದ ಫ್ಲ್ಯಾಷಿನ ಬೆಳಕು ಹೆಚ್ಚು ಸೋರದೆ ಲೆನ್ಸಿನ ಮೂತಿಯವರೆಗೂ ಸಾಗುತ್ತದೆ. ತುದಿಯನ್ನು ಕೆಳಮುಖವಾಗಿ ಓರೆಗೆ ಕತ್ತರಿಸಿ, ಟಿವಿ ಪೆಟ್ಟಿಗೆಯಲ್ಲಿ ಬರುವ ತೆಳು ಫೋಮ್ ಹಾಳೆಯನ್ನು ಕಮಾನಿನಂತೆ ಬಾಗಿಸಿ ಅಂಟಿಸಿದೆ. ಒಂದೇ ಪದರವಿದ್ದಾಗ ನಡುವೆ ಬಿಳಿ ಚುಕ್ಕೆ ಉಳಿಯಿತು. ಇನ್ನೊಂದು ಪದರ ಸೇರಿಸಿ, ಎರಡರ ನಡುವೆ ಎರಡು ಬೆರಳಿನಷ್ಟು ಜಾಗ ಬಿಟ್ಟ ಮೇಲೆ ಅದು ಹರಡಿ ಕರಗಿತು. ಒಳಪದರ ಯಾವುದೆಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಅಡುಗೆಮನೆಯದು ಎಂದಷ್ಟೇ ಹೇಳಬಲ್ಲೆ. ಒಟ್ಟು ಖರ್ಚು ಅರವತ್ತು ರೂಪಾಯಿ ದಾಟಿರಲಾರದು.

ಶಿರಾ ಕಡೆಯ ಜಾಲಿ ಮರಗಳ ಬಳಿಗೆ ಇದನ್ನು ಹೊತ್ತು ಹೊರಟಾಗ, "ಏನ್ ಸ್ವಾಮಿ, ಕ್ಯಾಮೆರಾಗೆ ತಿಂಡಿ ಕಟ್ಕೊಂಡು ಹೊರಟ್ರಾ?" ಎಂದು ತುಮಕೂರಿನ ಗೆಳೆಯರು ನಕ್ಕಿದ್ದರು. ಅಂದು ಎಫ್/11, ಶಟರ್ 1/200 ಸೆಕೆಂಡ್, ಐಎಸ್‌ಒ 200, ಫ್ಲ್ಯಾಷ್ ತನ್ನ ಪೂರ್ಣ ಶಕ್ತಿಯ 1/16ರ ಆಸುಪಾಸಿನಲ್ಲಿ ತೆಗೆದ ಚಿತ್ರಗಳಲ್ಲಿ ಕವಚದ ಗುಳಿಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಫ್ಲ್ಯಾಷ್ ಕಡಿಮೆ ಶಕ್ತಿಯಲ್ಲಿ ಉರಿದಷ್ಟೂ ಅದರ ಮಿಂಚು ಚಿಕ್ಕದಾಗುವುದರಿಂದ ಕೈ ನಡುಕವೂ ಕಾಣಲಿಲ್ಲ. ಹಿನ್ನೆಲೆ ಮಾತ್ರ ಅಮಾವಾಸ್ಯೆಯಂತೆ ಕಪ್ಪಾಗುತ್ತಿತ್ತು; ಹುಳುವಿನ ಹಿಂದೆ ಒಂದು ಗೇಣು ದೂರದಲ್ಲಿ ಹೊಂಗೆ ಎಲೆಯೊಂದನ್ನು ಹಿಡಿದ ಮೇಲೆ ಅದೂ ಹಸಿರಾಯಿತು.

ನಡುವೆ ಇನ್ನೊಂದು ಹುಚ್ಚೂ ಹಿಡಿದಿತ್ತು. ಫ್ಲ್ಯಾಷ್‌ಗೆ ಪೋಲರೈಸರ್ ಹಾಳೆ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಸೋಸುಹಾಳೆ) ಅಂಟಿಸಿ, ಲೆನ್ಸಿಗೆ ಸುಮಾರು 1,500 ರೂಪಾಯಿಯ ಪೋಲರೈಸರ್ ಹಾಕಿ ತಿರುಗಿಸಿದೆ. ಪ್ರತಿಫಲನವೇನೋ ಹೋಯಿತು, ಜೊತೆಗೆ ಬಣ್ಣವೂ ಹೋಯಿತು. ಜೀರ್ಜಿಂಬೆಯ ಹಸಿರು ಬಳಿದ ಬಣ್ಣವಲ್ಲ, ಕವಚದ ತೆಳು ಪದರಗಳಿಂದ ಬೆಳಕು ಪ್ರತಿಫಲಿಸಿಯೇ ಹುಟ್ಟುವಂಥದ್ದು. ಪ್ರತಿಫಲನವನ್ನು ತಡೆದರೆ ಉಳಿಯುವುದು ಇದ್ದಿಲ ತುಂಡು. ಎರಡು ಮೂರು ಸ್ಟಾಪ್ ಬೆಳಕೂ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧವಾದಂತೆ) ದಂಡವಾಯಿತು. ಒದ್ದೆ ಎಲೆಗಳಿಗೆ ಬಳಸಬಹುದೆಂದು ಆ ಪೋಲರೈಸರನ್ನು ಇಟ್ಟುಕೊಂಡಿದ್ದೇನೆ.

ಹಾರುಜೇಡದ ವಿಷಯದಲ್ಲಿ ನನ್ನ ಡಬ್ಬಿ ಇನ್ನೂ ಸೋಲುತ್ತಿದೆ. ಅದರ ಮುಂದಿನ ಎರಡು ದೊಡ್ಡ ಕಣ್ಣುಗಳಲ್ಲಿ ಫೋಮ್ ಹಾಳೆಯ ಅಂಟಿನ ಗೆರೆ ಸ್ಪಷ್ಟವಾಗಿ ಕಾಣುತ್ತದೆ, ಹಾಗಾಗಿ ಈಗ ಗೆರೆಯಿಲ್ಲದೆ ಬಾಗುವ ಬಿಳಿ ಐಸ್‌ಕ್ರೀಂ ಡಬ್ಬಿಯನ್ನು ಕತ್ತರಿಸುತ್ತಿದ್ದೇನೆ.