ಇಟ್ಟಿಗೆ ತೊಟ್ಟಿಯಲ್ಲಿ ಲಿಂಬೆ: ಫ್ರಿಜ್ ಇಲ್ಲದೆ ಮೂರು ವಾರ

ನಮ್ಮದು ಬಿಜಾಪುರ ಜಿಲ್ಲೆಯ ಇಂಡಿ ಕಡೆಯ ಕಾಗದಿ ಲಿಂಬೆ, ಅಂದರೆ ತೆಳು ಸಿಪ್ಪೆಯದು. ಫೆಬ್ರುವರಿ ಕೊನೆಗೆ ಸಾವಿರ ಹಣ್ಣಿಗೆ ಆರೇಳು ನೂರು ಸಿಕ್ಕರೆ ಪುಣ್ಯ. ಬಿಸಿಲು ಏರಿ ಮಾರ್ಚ್ ಅರ್ಧ ದಾಟಿದರೆ ಅದೇ ಹಣ್ಣಿಗೆ ಸಾವಿರದೈನೂರು, ಕೆಲವು ವರ್ಷ ಇನ್ನೂ ಜಾಸ್ತಿ. ನಡುವಿನ ಮೂರು ವಾರ ಹಣ್ಣು ಕಾಯಬೇಕು, ಅಷ್ಟೇ. ಆದರೆ ಗೋಣಿಚೀಲದಲ್ಲಿ ಬಿಟ್ಟರೆ ವಾರದೊಳಗೆ ಸಿಪ್ಪೆ ಒಣಗಿ ಚರ್ಮದ ಹಾಗೆ ಆಗಿಬಿಡುತ್ತದೆ.

ಕೋಲ್ಡ್ ಸ್ಟೋರೇಜ್‌ಗೂ ಹಾಕಿ ನೋಡಿದ್ದೇನೆ. ಅವರು ಬೇರೆ ಮಾಲಿನ ಜೊತೆ ನಾಲ್ಕೈದು ಡಿಗ್ರಿಯಲ್ಲಿ ಇಟ್ಟರು. ಲಿಂಬೆಗೆ ಅಷ್ಟು ತಂಪು ಆಗಿಬರುವುದಿಲ್ಲ, ಸಿಪ್ಪೆ ತುಂಬ ಕಂದು ಗುಳಿ ಬಿತ್ತು. ಬಾಡಿಗೆಯೂ ಹೋಯಿತು, ಮಾಲೂ ಹೋಯಿತು.

ಆಮೇಲೆ ಕಟ್ಟಿದ್ದು ಇಟ್ಟಿಗೆ ತೊಟ್ಟಿ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು 1980ರ ದಶಕದಲ್ಲೇ ಮಾಡಿ ತೋರಿಸಿದ್ದು ಇದು. ಎರಡು ಗೋಡೆ, ನಡುವೆ ಮೂರು ಇಂಚು ಸಂದು, ಸಂದಿನಲ್ಲಿ ಒದ್ದೆ ಮರಳು. ಆ ನೀರು ಆರುತ್ತ ಆರುತ್ತ ಒಳಗೆ ತಂಪಾಗುತ್ತದೆ. ಸುಮಾರು ನಾನೂರು ಇಟ್ಟಿಗೆ ಹಿಡಿಯಿತು. ಮರಳು, ಬಿದಿರಿನ ಮುಚ್ಚಳ, ಮೇಲಿನ ಚಪ್ಪರ ಸೇರಿ ಆರೇಳು ಸಾವಿರ ಖರ್ಚು. ನಮ್ಮ ಕಾಕಾ ನೋಡಿ, "ಬಿಜಾಪುರದಾಗ ಇರೋ ಗೋರಿ ಸಾಲಲಿಲ್ಲೇನೋ ತಮ್ಮಾ, ಲಿಂಬಿಗೂ ಒಂದು ಕಟ್ಟೀಯಲ್ಲ!" ಅಂದರು.

ಮೊದಲ ಬೇಸಿಗೆ ಕಾಕಾನ ಮಾತೇ ಗೆದ್ದಿತು. ಒಳಗೆ ತಂಪೇನೋ ಇತ್ತು, ಹೊರಗೆ ನಲವತ್ತು ಡಿಗ್ರಿ ಇದ್ದಾಗ ಒಳಗೆ ಇಪ್ಪತ್ತೆಂಟರ ಆಸುಪಾಸು. ಆದರೂ ಹತ್ತು ಹನ್ನೆರಡು ದಿನಕ್ಕೆ ಮೂರನೇ ಒಂದು ಪಾಲು ಕೊಳೆತಿತ್ತು. ಕೊಳೆತದ್ದನ್ನು ಒಂದೊಂದೇ ಹಿಡಿದು ನೋಡಿದೆ. ಎಲ್ಲದರಲ್ಲೂ ತೊಟ್ಟು ಕಿತ್ತುಬಂದ ಜಾಗದಲ್ಲೇ ನೀರು ಕುಡಿದಂಥ ಮೆತ್ತನೆ ಮಚ್ಚೆ, ಅದರ ಮೇಲೆ ಬಿಳಿ ಬೂಷ್ಟು, ನಡುವೆ ಹಸಿರು ಪುಡಿ. ಮುಟ್ಟಿದರೆ ಪುಡಿ ಹಾರಿ ಪಕ್ಕದ ಹಣ್ಣಿಗೆ ಕೂರುತ್ತಿತ್ತು. ತೊಟ್ಟಿ ಸರಿಯಾಗಿಯೇ ಇತ್ತು, ಕೊಯ್ಲಿನಲ್ಲಿತ್ತು ಕಥೆ.

ನಮ್ಮಲ್ಲಿ ಗಿಡದ ಕೆಳಗೆ ಬಿದ್ದದ್ದನ್ನು ಆರಿಸುವುದು, ಕೋಲಿನಿಂದ ಬಡಿಯುವುದು ರೂಢಿ ಅಲ್ವಾ? ಆ ಮಾಲು ಈಗ ನೇರ ಪೇಟೆಗೆ. ತೊಟ್ಟಿಗೆ ಹೋಗುವುದು ಕತ್ತರಿಯಲ್ಲಿ ತೊಟ್ಟು ಉಳಿಸಿ ಕತ್ತರಿಸಿದ್ದು ಮಾತ್ರ, ಅದೂ ತಿಳಿಹಸಿರು ಇರುವಾಗಲೇ. ಇಬ್ಬನಿ ಆರುವವರೆಗೆ, ಅಂದರೆ ಹತ್ತು ಗಂಟೆಯವರೆಗೆ ಕೈ ಹಚ್ಚುವುದಿಲ್ಲ. ಬೆಳಗ್ಗೆ ಸಿಪ್ಪೆ ಬಿಗಿಯಾಗಿರುತ್ತದೆ, ಸ್ವಲ್ಪ ಒತ್ತಿದರೂ ಅದರ ಎಣ್ಣೆ ಒಡೆದು ಸುಟ್ಟ ಕಲೆ ಬೀಳುತ್ತದೆ. ಕೂಲಿ ಹೆಚ್ಚುಕಡಿಮೆ ಒಂದೂವರೆ ಪಟ್ಟು ಆಯಿತು. ಆಗಲಿ.

ಕೊಯ್ದದ್ದನ್ನು ಒಂದು ದಿನ ನೆರಳಲ್ಲಿ ಹರಡಿ, ತೊಳೆದು, ಪೂರ್ತಿ ಆರಿಸಿ, ಎರಡು ಮೂರು ಕಿಲೋದ ಪ್ಲಾಸ್ಟಿಕ್ ಚೀಲಕ್ಕೆ ತುಂಬುತ್ತೇನೆ. ತೊಳೆಯುವ ನೀರಿಗೆ ಏನು ಹಾಕುತ್ತೀಯ ಅಂತ ಕೇಳಬೇಡಿ, ಅಡುಗೆಮನೆಯಲ್ಲಿ ಇರುವಂಥದ್ದೇ. ಚೀಲಕ್ಕೆ ತೂತು ಬೇಕೇ ಬೇಕು, ಇಲ್ಲದಿದ್ದರೆ ಒಳಗೆ ಬೆವರಿ ಎಲ್ಲ ಹಾಳು. ಎಷ್ಟು ತೂತು ಅನ್ನೋದು ಎರಡು ಬೇಸಿಗೆ ಸುಟ್ಟು ಕಲಿತದ್ದು, ಅದನ್ನು ನನ್ನ ಹತ್ರವೇ ಇಟ್ಟುಕೊಳ್ಳುತ್ತೇನೆ.

ನಡುವೆ ಕೊಬ್ಬರಿ ಎಣ್ಣೆ ಸವರಿಯೂ ನೋಡಿದೆ. ತೆಳ್ಳಗೆ ಸವರಿದ್ದು ಚೆನ್ನಾಗಿ ಉಳಿಯಿತು, ಹೊಳಪೂ ಬಂತು. ದಪ್ಪ ಬಳಿದದ್ದು ಉಸಿರುಗಟ್ಟಿ ಒಳಗೆ ಹೆಂಡದ ವಾಸನೆ. ಸಾವಿರಾರು ಹಣ್ಣಿಗೆ ಕೈಯಲ್ಲಿ ಸವರುತ್ತ ಕೂರೋದು ಯಾರು, ಮನೆ ಬಳಕೆಗೆ ಅಡ್ಡಿಯಿಲ್ಲ. ಮರಳಲ್ಲಿ ಹೂತಿಟ್ಟದ್ದು, ಪೇಪರ್ ಸುತ್ತಿದ್ದು ಎರಡೂ ಸುಮ್ನೆ ಕೈಕೆಲಸ.

ಈಗ ಒಂದು ತೊಟ್ಟಿಗೆ ಎರಡು ಸಾವಿರ ಹಣ್ಣು ಹಿಡಿಯುತ್ತದೆ, ಹೆಚ್ಚೂಕಡಿಮೆ ನೂರು ಕಿಲೋ. ಮೂರು ವಾರಕ್ಕೆ ನೂರಕ್ಕೆ ಏಳೆಂಟು ಹೋಗಬಹುದು. ಕೂಲಿ ಕಳೆದು ಒಂದು ತುಂಬಿಗೆ ಸಾವಿರದ ಮೇಲೆ ಉಳಿಯುತ್ತದೆ. ಹೋದ ವರ್ಷ ಮೂರು ತೊಟ್ಟಿ ಆದವು, ಒಂದರಲ್ಲಿ ಕಾಕಾನ ಮಾಲೇ ಇತ್ತು.

ಕಟ್ಟುವವರಿಗೆ ಎರಡು ಮಾತು. ಬೋರ್‌ವೆಲ್ ನೀರು ಉಪ್ಪಿದ್ದರೆ ಇಟ್ಟಿಗೆ ಮೇಲೆ ಬಿಳಿ ಪೊರೆ ಕಟ್ಟಿ ತಂಪು ಕಡಿಮೆಯಾಗುತ್ತದೆ, ಆಗಾಗ ಬ್ರಷ್ ಹಾಕಿ ಉಜ್ಜಬೇಕು. ಇನ್ನೊಂದು, ಇದು ಒಣಗಾಳಿಯ ಊರಿಗೆ ಮಾತ್ರ. ಕರಾವಳಿಯ ಕುಮಟಾದ ಗೆಳೆಯನೊಬ್ಬ ಕಟ್ಟಿಸುತ್ತೇನೆ ಅಂದ, ಬೇಡ ಅಂದೆ. ಅಲ್ಲಿಯ ಗಾಳಿಯಲ್ಲೇ ಅಷ್ಟು ನೀರಿರುವಾಗ ಮರಳಿನ ನೀರು ಆರುವುದು ಎಲ್ಲಿಗೆ? ನಮ್ಮಲ್ಲೂ ಜೂನ್ ಮಳೆ ಹಿಡಿದ ಮೇಲೆ ನಾನು ಒಂದು ಹಣ್ಣೂ ಇಡುವುದಿಲ್ಲ.